ಕಲ್ಯಾಣದ ಕೊಲೆಗೊಬ್ಬ ಪತ್ತೇದಾರ

ಗ್ರೀಸಿನ ಆರ್ಗೋಸ್ ಪಟ್ಟಣದಲ್ಲಿ ಮಿತಿಸ್ ಎಂಬವನ ಪ್ರತಿಮೆಯೊಂದಿತ್ತು. ಮಿತಿಸನ ಸಾವಿಗೆ ಕಾರಣನಾದ ಮನುಷ್ಯ ಒಂದು ದಿನ ಅದನ್ನು ನೋಡುತ್ತ ನಿಂತಿದ್ದಾಗ ಪ್ರತಿಮೆ ಅವನ ಮೇಲೆಯೇ ಉರುಳಿತು, ಅವನೂ ಸತ್ತ. ಈ ಪ್ರಸಂಗವನ್ನು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ನೆನೆಯುತ್ತಾನೆ. ಪ್ರತಿಮೆ ಆಕಸ್ಮಿಕವಾಗಿಯೇ ಬಿದ್ದಿರಬಹುದು, ಆದರೆ ಕೇಳಿದವರ ಮನಸ್ಸು ಹಾಗೆಂದು ಒಪ್ಪುವುದಿಲ್ಲ. ಅಂಥ ಘಟನೆಯಲ್ಲೇ ಕಥೆಯ ಕಸುವಿದೆ ಎನ್ನುವುದು ಅವನ ಮಾತಿನ ಸಾರ. ಅದೇ ಗ್ರಂಥದಲ್ಲಿ ಅವನು ಮತ್ತೆ ಮತ್ತೆ ಮೆಚ್ಚುವ ನಾಟಕ ಸೋಫೋಕ್ಲಿಸನ ದೊರೆ ಈಡಿಪಸ್. ಹಳೆಯ ರಾಜನನ್ನು ಕೊಂದವರು ಯಾರೆಂದು ಪತ್ತೆ ಮಾಡಹೊರಟ ಹೊಸ ರಾಜನಿಗೆ, ಕೊಂದವನು ತಾನೇ ಎಂದು ಗೊತ್ತಾಗುವ ಕಥೆ ಅದು.

ಕೊಲೆಯ ಕಥೆಗಳ ಬಗ್ಗೆ ಇಷ್ಟು ಯೋಚಿಸಿದ ಈ ತತ್ವಜ್ಞಾನಿ ಸ್ವತಃ ಪತ್ತೇದಾರನಾಗಲು ಇಪ್ಪತ್ತಮೂರು ಶತಮಾನ ಕಾಯಬೇಕಾಯಿತು. ಕೆನಡಾ ಮೂಲದ ಪ್ರಾಧ್ಯಾಪಕಿ ಮಾರ್ಗರೇಟ್ ಡೂಡಿ 1978ರಲ್ಲಿ ‘ಅರಿಸ್ಟಾಟಲ್ ಡಿಟೆಕ್ಟಿವ್’ ಕಾದಂಬರಿ ಪ್ರಕಟಿಸಿದರು. ಕ್ರಿ.ಪೂ. 332ರ ಅಥೆನ್ಸ್, ಬೂಟಾಡಿಸ್ ಎಂಬ ಸಿರಿವಂತ ಬಾಣ ತಗುಲಿ ಸತ್ತಿದ್ದಾನೆ, ಆರೋಪ ಬಂದಿರುವುದು ಊರಿನಿಂದ ಗಡಿಪಾರಾಗಿದ್ದ ಫಿಲೆಮಾನನ ಮೇಲೆ. ಅವನ ಪರವಾಗಿ ನ್ಯಾಯಸ್ಥಾನದಲ್ಲಿ ನಿಲ್ಲಬೇಕಾದ ತರುಣ ಬಂಧು ಸ್ಟೆಫಾನೊಸ್ ದಿಕ್ಕು ತೋಚದೆ ಹಳೆಯ ಗುರುವಿನ ಮನೆಗೆ ಹೋಗುತ್ತಾನೆ. ಆ ಗುರುವೇ ಅರಿಸ್ಟಾಟಲ್. ಡೂಡಿ ಗುರುವಿಗೆ ದಿವ್ಯದೃಷ್ಟಿಯನ್ನೇನೂ ಕೊಡಲಿಲ್ಲ. ನಿನಗೆ ಗೊತ್ತಿರುವುದು ಯಾವುದು, ಗೊತ್ತಿದೆ ಎಂದು ನೀನು ಅಂದುಕೊಂಡಿರುವುದು ಯಾವುದು, ಎರಡನ್ನೂ ಬಿಡಿಸಿ ನೋಡು ಎನ್ನುವ ಪಾಠವನ್ನು ಕೊಲೆಯ ಮೇಲೆ ಹೇಳಿಸಿದರು, ಅಷ್ಟೆ. ಮುಂದಿನ ಪುಸ್ತಕ ಬಂದದ್ದು 2002ರಲ್ಲಿ. ಆಮೇಲೆ ಸಾಲಾಗಿ ಇನ್ನೂ ಹಲವು ಬಂದವು.

ಆ ದಾರಿಯಲ್ಲಿ ಬೇರೆಯವರೂ ನಡೆದಿದ್ದಾರೆ. ಮೈಕಲ್ ಗ್ರೆಗೊರಿಯೊ ಎಂಬ ಹೆಸರಿನಲ್ಲಿ ಬರೆಯುವ ದಂಪತಿಗಳು 2006ರಲ್ಲಿ ಮುದುಕನಾದ ಇಮಾನ್ಯುಯಲ್ ಕಾಂಟನನ್ನು ಅವನದೇ ಊರು ಕೋನಿಗ್ಸ್‌ಬರ್ಗ್‌ನ ಸರಣಿ ಕೊಲೆಗಳ ನಡುವೆ ತಂದು ನಿಲ್ಲಿಸಿದರು. ಇವೆಲ್ಲಕ್ಕಿಂತ ದೊಡ್ಡ ಪುಸ್ತಕ 1980ರಲ್ಲಿ ಬಂದ ಉಂಬೆರ್ತೊ ಎಕೊ ಅವರ ‘ದಿ ನೇಮ್ ಆಫ್ ದಿ ರೋಸ್’. ಅದರ ಪತ್ತೇದಾರ ವಿಲಿಯಂ ಕಲ್ಪಿತ ಸಂನ್ಯಾಸಿ. ಆದರೆ ಅವನ ತಲೆಯೊಳಗೆ ಕೆಲಸ ಮಾಡುವುದು ರೋಜರ್ ಬೇಕನ್ ಮತ್ತು ಆಕಮ್‌ನ ವಿಲಿಯಂ ಎಂಬ ಇಬ್ಬರು ನಿಜವಾದ ತತ್ವಜ್ಞಾನಿಗಳ ವಿಚಾರ. 1327ರ ಒಂದು ಮಠದಲ್ಲಿ ಸಾವಿನ ಮೇಲೆ ಸಾವು. ಎಲ್ಲದರ ಬೇರು ಅರಿಸ್ಟಾಟಲನ ಕಾವ್ಯಮೀಮಾಂಸೆಯ ಕಳೆದುಹೋದ ಎರಡನೆಯ ಭಾಗ. ಕೊನೆಗೆ ವಿಲಿಯಂ ಸತ್ಯವನ್ನು ತಲುಪುತ್ತಾನೆ, ಆದರೆ ತಾನು ಹಿಡಿದ ತರ್ಕದ ದಾರಿ ತಪ್ಪಾಗಿತ್ತೆಂದೂ ಅವನಿಗೆ ಅರಿವಾಗುತ್ತದೆ. ಮಾಮೂಲಿ ಪತ್ತೇದಾರನ ಬಾಯಲ್ಲಿ ಇಂಥ ಮಾತು ಬರುವುದು ಅಪರೂಪ. ತತ್ವಜ್ಞಾನಿ ಕೊಲೆಯ ಕಥೆಗೆ ಬೇಕಾಗುವುದು ಇದಕ್ಕೇ. ಯಾರು ಕೊಂದರು ಎನ್ನುವುದರ ಜೊತೆಗೆ, ಅದು ನಮಗೆ ಗೊತ್ತಾದದ್ದು ಹೇಗೆ ಎಂದೂ ಅವನು ಕೇಳುತ್ತಾನೆ.

ಕನ್ನಡದಲ್ಲಿ ಪತ್ತೇದಾರರಿಗೆ ಬರವಿಲ್ಲ. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ 1952ರಲ್ಲಿ ಬಂತು. ಶಾಲೆಯ ಓದು ನಾಲ್ಕನೆಯ ತರಗತಿಗೇ ನಿಂತಿದ್ದ ಆ ಲೇಖಕರು ಐನೂರರಷ್ಟು ಕಾದಂಬರಿ ಬರೆದು, ಕನ್ನಡಿಗರ ಒಂದು ಇಡೀ ತಲೆಮಾರಿಗೆ ಓದುವ ಚಟ ಹಿಡಿಸಿದರು. ಟಿ.ಕೆ. ರಾಮರಾವ್ ಅದಕ್ಕೆ ಹದವಾದ ಗದ್ಯ ಕೊಟ್ಟರು. ಕೆ.ಎನ್. ಗಣೇಶಯ್ಯನವರು ಶಾಸನ, ಶಿಲ್ಪ, ಹಳೆಯ ದಾಖಲೆಗಳನ್ನೇ ಸುಳಿವುಗಳನ್ನಾಗಿ ಮಾಡಿ ರೋಮಾಂಚಕ ಕಾದಂಬರಿಗಳನ್ನು ಬರೆದರು. ಆದರೆ ನಮ್ಮದೇ ನೆಲದ ಒಬ್ಬ ಚಿಂತಕನನ್ನು ನಮ್ಮದೇ ಚರಿತ್ರೆಯ ಒಂದು ಕೊಲೆಯ ಮುಂದೆ ಕೂರಿಸುವ ಕೆಲಸ ಇನ್ನೂ ಬಾಕಿ ಇದೆ. ಕೊಲೆಯಂತೂ ಎಂಟುನೂರು ವರ್ಷಗಳಿಂದ ಕಾದು ಕೂತಿದೆ: ಕಲ್ಯಾಣದ ಬಿಜ್ಜಳನ ಸಾವು.

ಬಿಜ್ಜಳ ಮಂಗಳವೇಡೆಯಿಂದ ಬಂದ ಕಳಚುರಿ ಸಾಮಂತ. ಚಾಲುಕ್ಯ ಮೂರನೆಯ ತೈಲಪನ ಕೈ ಸೋತಾಗ ಕಲ್ಯಾಣವನ್ನು ತನ್ನದಾಗಿಸಿಕೊಂಡ. ಅವನ ಭಂಡಾರಿ ಬಸವಣ್ಣ. ಕ್ರಿ.ಶ. 1167–68ರ ಹೊತ್ತಿಗೆ ಬಿಜ್ಜಳ ಪಟ್ಟದಲ್ಲಿಲ್ಲ. ಮಗ ಸೋವಿದೇವ ಆಳುತ್ತಿದ್ದಾನೆ. ಈ ನಡುವೆ ಏನಾಯಿತು? ಇಲ್ಲಿ ಸಾಕ್ಷಿಗಳು ಎರಡು ಗುಂಪಾಗುತ್ತಾರೆ.

ವೀರಶೈವ ಪುರಾಣಗಳು ಹೇಳುವುದು ಒಂದು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣ, ಆಮೇಲಿನ ಕಾವ್ಯಗಳು, ಜನರ ಬಾಯಲ್ಲಿ ಉಳಿದ ಕಥೆ: ಇವೆಲ್ಲವೂ ಸೇರಿ ಕಟ್ಟಿಕೊಡುವ ಚಿತ್ರದಲ್ಲಿ ರಾಜ ಬಸವಣ್ಣನ ಸಂಗಾತಿಗಳಾದ ಶರಣರಿಗೆ ಕ್ರೂರ ಶಿಕ್ಷೆ ಕೊಡುತ್ತಾನೆ. ಬ್ರಾಹ್ಮಣ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟ ಮದುವೆಯೇ ಅದಕ್ಕೆ ಕಾರಣವೆಂದು ಜನ ನೆನೆಯುತ್ತಾರೆ. ಬಸವಣ್ಣ ಸಂಗಮದ ಹಾದಿ ಹಿಡಿಯುತ್ತಾನೆ. ಶರಣ ಜಗದೇವ ಮತ್ತು ಅವನ ಸಂಗಡಿಗರು ಅರಮನೆಗೆ ನುಗ್ಗಿ ಬಿಜ್ಜಳನನ್ನು ಇರಿಯುತ್ತಾರೆ. ಜಗದೇವ ತಡಮಾಡಿದಾಗ ಜರೆದು ಕಳಿಸುವವಳು ಅವನ ತಾಯಿ.

ಜೈನ ಪರಂಪರೆ ಹೇಳುವುದು ಇನ್ನೊಂದು. ಧರಣಿಪಂಡಿತನ ‘ಬಿಜ್ಜಳರಾಯ ಚರಿತೆ’ಯ ಪ್ರಕಾರ ರಾಜ ಸತ್ತದ್ದು ಅರಮನೆಯಲ್ಲಿ ಅಲ್ಲವೇ ಅಲ್ಲ. ಕೊಲ್ಲಾಪುರದ ಶಿಲಾಹಾರರ ಮೇಲೆ ದಂಡೆತ್ತಿ ಹೋಗಿ ಮರಳುವಾಗ ಭೀಮಾ ನದಿಯ ದಂಡೆಯಲ್ಲಿ ಬೀಡುಬಿಟ್ಟಿದ್ದ. ಜೈನ ಮುನಿಯ ವೇಷ ಹಾಕಿದ ಒಬ್ಬ ಜಂಗಮ ಅವನ ಕೈಗೆ ವಿಷದ ಹಣ್ಣು ಕೊಟ್ಟ. ಮೂಸಿದ್ದೇ ತಡ, ಬಿಜ್ಜಳ ಕುಸಿದ.

ಒಂದೇ ಸಾವು. ಜಾಗ ಬೇರೆ, ಆಯುಧ ಬೇರೆ, ಕೊಂದವನು ಬೇರೆ. ಯಾವ ಪತ್ತೇದಾರಿ ಕಾದಂಬರಿಕಾರನಿಗೂ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು.

ಈ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಲು ಬೆಳಗಾವಿ ಜಿಲ್ಲೆಯ ಗಡಿಯೂರು ಕಾಗವಾಡದಷ್ಟು ತಕ್ಕ ಜಾಗ ಬೇರೆ ಇಲ್ಲ. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ಹಳ್ಳಿಗಳಲ್ಲಿ ಬಸದಿ, ಮಠ ಎರಡೂ ಇವೆ. ಎರಡೂ ಪರಂಪರೆಯ ಒಕ್ಕಲಿಗರ ಹೊಲಕ್ಕೆ ಹೊಲ ಹತ್ತಿಕೊಂಡಿದೆ, ಕಬ್ಬು ಹೋಗುವುದು ಅವೇ ಸಕ್ಕರೆ ಕಾರ್ಖಾನೆಗಳಿಗೆ. ಅಥಣಿಯ ಗಚ್ಚಿನಮಠ ಮುರುಗೇಂದ್ರ ಶಿವಯೋಗಿಗಳಿಂದ ನಾಡಿಗೆಲ್ಲ ಗೊತ್ತು. ಇಪ್ಪತ್ತನೆಯ ಶತಮಾನದ ದಿಗಂಬರ ಪರಂಪರೆಯ ದೊಡ್ಡ ಹೆಸರುಗಳೂ ಇದೇ ಮಣ್ಣಿನವು: ಭೋಜದ ಶಾಂತಿಸಾಗರರು, ಶೇಡಬಾಳದ ವಿದ್ಯಾನಂದರು, ಸದಲಗಾದ ವಿದ್ಯಾಸಾಗರರು. ಮಿರಜ ಇಲ್ಲಿಂದ ಕೂಗಳತೆಯಲ್ಲಿದೆ. ಅದು ಶಿಲಾಹಾರರ ಸೀಮೆಯಾಗಿತ್ತು. ಕೊಲ್ಲಾಪುರದಿಂದ ಕಲ್ಯಾಣಕ್ಕೆ ದಂಡು ಮರಳಬೇಕಾದರೆ ಕೃಷ್ಣೆಯನ್ನು ದಾಟಲೇಬೇಕು. ಜೈನ ಕಥೆ ನಿಜವೆಂದಾದರೆ ಬಿಜ್ಜಳ ಕೊನೆಯ ಸಲ ಕೃಷ್ಣೆಯನ್ನು ಕಂಡದ್ದು ಈ ಬಯಲುಸೀಮೆಯ ಆಸುಪಾಸಿನಲ್ಲೇ.

ಇಲ್ಲಿಯ ಓದುಗನಿಗೆ ಆ ವಿಷದ ಹಣ್ಣಿನ ಪ್ರಸಂಗದಲ್ಲಿ ಎರಡು ತೊಡಕು ಥಟ್ಟನೆ ಕಾಣುತ್ತವೆ. ದಿಗಂಬರ ಮುನಿ ಹೇಗಿರುತ್ತಾನೆಂದು ಅವನು ಕಣ್ಣಾರೆ ನೋಡಿದ್ದಾನೆ. ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲು, ಹೆಚ್ಚೆಂದರೆ ಒಂದು ಶಾಸ್ತ್ರಗ್ರಂಥ. ದಿನಕ್ಕೊಮ್ಮೆ ನಿಂತುಕೊಂಡು ಅಂಗೈಯಲ್ಲೇ ಆಹಾರ ತೆಗೆದುಕೊಳ್ಳುವ ಮುನಿ ಹಣ್ಣು ಹಿಡಿದುಕೊಂಡು ರಾಜನಿಗೆ ಕಾಣಿಕೆ ಕೊಡಲು ಬಂದನೆಂದರೆ, ಜೈನಾಚಾರ ಬಲ್ಲ ರಾಜನಿಗೆ ಮೊದಲು ಬರಬೇಕಾದದ್ದು ಸಂಶಯ. ಇನ್ನೊಂದು ತೊಡಕು ವೇಷದ್ದು. ಇಷ್ಟಲಿಂಗ ಮೈಮೇಲಿಂದ ಅಗಲಬಾರದೆಂಬುದು ಜಂಗಮನ ಕಟ್ಟಳೆ. ಬತ್ತಲೆ ಮುನಿಯ ವೇಷದಲ್ಲಿ ಅವನು ಅದನ್ನು ಎಲ್ಲಿ ಮರೆಮಾಡಿದ? ವೇಷ ಬಟ್ಟೆ ಉಡುವ ಭಟ್ಟಾರಕರದಾಗಿದ್ದರೆ ಮಾತು ಬೇರೆ. ಆಗಲೂ ಮೂಸಿದೊಡನೆ ಕೊಲ್ಲುವ ಹಣ್ಣು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ.

ಕಾಲದ ತೊಡಕೂ ಇದೆ. ಈ ದಂಡಯಾತ್ರೆಯ ಕಥೆಗೆ ಶಿಲಾಹಾರ ಇಮ್ಮಡಿ ಭೋಜನ ಹೆಸರು ಅಂಟಿಕೊಂಡಿದೆ. ಅವನ ಆಳ್ವಿಕೆಯ ಶಾಸನಗಳು ಸಿಗುವುದು 1175ರಿಂದ ಈಚೆಗೆ. 1167ರಲ್ಲಿ ಕೊಲ್ಲಾಪುರ ಆಳುತ್ತಿದ್ದವನು ಅವನ ತಂದೆ ವಿಜಯಾದಿತ್ಯ. ಈ ವಿಜಯಾದಿತ್ಯನ ನೆರವಿನಿಂದಲೇ ಬಿಜ್ಜಳ ದೊಡ್ಡ ಪದವಿಗೆ ಏರಿದನೆಂದು ಶಿಲಾಹಾರರು ಶಾಸನದಲ್ಲಿ ಹೇಳಿಕೊಂಡಿದ್ದಾರೆ. ಪಟ್ಟಕ್ಕೆ ಏರಿಸಿದವನ ಮೇಲೆಯೇ ದಂಡೆತ್ತಿ ಹೋಗುವುದು ರಾಜಕಾರಣದಲ್ಲಿ ಅಸಾಧ್ಯವೇನಲ್ಲ, ಆದರೂ ಈ ಸಾಕ್ಷಿಯನ್ನು ಇನ್ನೊಮ್ಮೆ ಕರೆದು ಕೇಳಬೇಕಾಗುತ್ತದೆ.

ವೀರಶೈವ ಕಥೆಗೂ ಇಂಥದೇ ಕಷ್ಟಗಳಿವೆ. ಬಿಜ್ಜಳ ಮಗನಿಗೆ ಪಟ್ಟ ಬಿಟ್ಟುಕೊಟ್ಟ ಎಂದು ಶಾಸನಗಳ ಆಧಾರದ ಮೇಲೆ ಶಾಸನತಜ್ಞ ಜೆ.ಎಫ್. ಫ್ಲೀಟ್ ಬರೆದರು. ಹಾಗಿದ್ದರೆ ಜಗದೇವನ ಕತ್ತಿಗೆ ಸಿಕ್ಕವನು ಆಳುತ್ತಿದ್ದ ದೊರೆಯೋ, ಪಟ್ಟ ಇಳಿದ ಮುದುಕನೋ? ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ, ಘಟನೆಯಾದ ಕೆಲವೇ ದಶಕಗಳಲ್ಲಿ ಕೆತ್ತಿದ ಶೈವ ಶಾಸನವೊಂದಿದೆ. ಶಿವಭಕ್ತ ಏಕಾಂತದ ರಾಮಯ್ಯನ ಮೇಲೆ ಜೈನರು ದೂರು ತಂದಾಗ ಬಿಜ್ಜಳ ವಿಚಾರಣೆ ಮಾಡಿ ರಾಮಯ್ಯನಿಗೇ ಜಯಪತ್ರ ಕೊಟ್ಟನೆಂದು ಅದು ಹೇಳುತ್ತದೆ. ಶಿವಭಕ್ತರ ವೈರಿಯೆಂದು ಪುರಾಣ ಬಣ್ಣಿಸಿದ ರಾಜ ಈ ಕಲ್ಲಿನಲ್ಲಿ ಕಾಣುವುದಿಲ್ಲ. ಬಸವಣ್ಣನ ಹೆಸರು ಶಾಸನಗಳಲ್ಲಿ ಕಾಣದ್ದರಿಂದ ಫ್ಲೀಟ್ ಅವನ ಪಾತ್ರವನ್ನೇ ಅನುಮಾನಿಸಿದ್ದರು. ಆ ಅನುಮಾನ ಬಗೆಹರಿಸಲು ನೆರವಾದದ್ದು ಚಿಕ್ಕೋಡಿಯ ಪಕ್ಕದ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನ. ಯಾದವ ಕನ್ನರನ ಕಾಲದ, 1260ರ ಆ ಕಲ್ಲು ಬಾಗೇವಾಡಿಯ ಮಾದಿರಾಜನ ಮಗ ಬಸವನನ್ನು ಹೆಸರಿಸುತ್ತದೆ. ಹೊಲದ ಅಂಚಿನಲ್ಲೋ ಗುಡಿಯ ಗೋಡೆಯಲ್ಲೋ ಸುಮ್ಮನೆ ನಿಂತ ಇಂಥ ಕಲ್ಲುಗಳೇ ಈ ಮೊಕದ್ದಮೆಯ ಅತ್ಯಂತ ನಂಬುಗೆಯ ಸಾಕ್ಷಿಗಳು.

ಎಲ್ಲಕ್ಕಿಂತ ಕಾಡುವ ಸಾಕ್ಷಿ ಕವಿ ಹರಿಹರ. ಬಸವಣ್ಣನ ಕಾಲಕ್ಕೆ ತೀರ ಹತ್ತಿರದವನು ಅವನೇ. ಅವನ ‘ಬಸವರಾಜದೇವರ ರಗಳೆ’ಯಲ್ಲಿ ಇಪ್ಪತ್ತೈದು ಸ್ಥಲಗಳಿದ್ದವೆಂದು ಪ್ರತೀತಿ, ನಮಗೆ ದಕ್ಕಿರುವುದು ಹದಿಮೂರು. ಕೊಲೆಯ ರಾತ್ರಿಗೆ ಬರುವ ಮೊದಲೇ ಹೇಳಿಕೆ ನಿಂತುಹೋಗಿದೆ. ಉಂಬೆರ್ತೊ ಎಕೊ ತನ್ನ ಕಥೆಗಾಗಿ ಕಳೆದುಹೋದ ಗ್ರಂಥವೊಂದನ್ನು ಗ್ರೀಸಿನಿಂದ ತರಬೇಕಾಯಿತು. ಕನ್ನಡದ ಕಾದಂಬರಿಕಾರನಿಗೆ ಅದು ಮನೆಯಲ್ಲೇ ಇದೆ. ಆ ಹನ್ನೆರಡು ಸ್ಥಲಗಳನ್ನು ಹರಿಹರ ಬರೆಯಲೇ ಇಲ್ಲವೋ, ಗೆದ್ದಲು ತಿಂದಿತೋ, ಯಾರಾದರೂ ಬೇಕೆಂದೇ ಬಿಟ್ಟರೋ?

ಹಾಗಾದರೆ ಪತ್ತೇದಾರ ಯಾರಾಗಬೇಕು? ಮೊದಲು ನೆನಪಿಗೆ ಬರುವವನು ಅಲ್ಲಮ. ಶೂನ್ಯಸಂಪಾದನೆ ಎಂಬ ಗ್ರಂಥ ನಿಂತಿರುವುದೇ ಅವನು ಒಬ್ಬೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಪ್ರಶ್ನೆಗಳ ಮೇಲೆ. ಅಕ್ಕಮಹಾದೇವಿಯನ್ನೂ ಅವನು ಹಾಗೆಯೇ ಕೇಳಿದ. ಆದರೆ ಅಲ್ಲಮ ಈ ಕಥೆಗೆ ಒಳಗಿನವನು. ಪಕ್ಷಕ್ಕೆ ಸೇರಿದವನು ಪಂಚನಾಗಲಾರ.

ಕಾಗವಾಡದ ಬಸದಿಯ ನೆಲಮಾಳಿಗೆಯಿಂದಲೂ ಒಬ್ಬ ಉಮೇದುವಾರ ಏಳಬಹುದು. ಅಲ್ಲಿ ಸಿಕ್ಕಿರುವ ಶಕ 1316ರ, ಎಂದರೆ 1394ರ ಬರಹ ಜೈನರ ಯಾಪನೀಯ ಪಂಥದ ಗುರುಗಳನ್ನು ನೆನೆಯುತ್ತದೆ. ಆ ಪಂಥದ ಹೆಸರು ಬರುವ ಕೊನೆಕೊನೆಯ ದಾಖಲೆಗಳಲ್ಲಿ ಅದೊಂದು. ಯಾಪನೀಯರು ದಿಗಂಬರರಂತೆ ಬತ್ತಲೆ ಇರುತ್ತಿದ್ದರು, ಶ್ವೇತಾಂಬರರಂತೆ ಹೆಣ್ಣಿಗೂ ಮೋಕ್ಷವುಂಟೆಂದು ಒಪ್ಪುತ್ತಿದ್ದರು. ಎರಡು ಕಡೆಯ ಮಾತನ್ನೂ ಕೇಳುವ ಅಭ್ಯಾಸ ಅವರದು. ಈ ಪಂಥದ ಚರಿತ್ರೆಯನ್ನು ಚೂರು ಚೂರಾಗಿ ಕೂಡಿಸಿದವರಲ್ಲಿ ಮುಖ್ಯರಾದ ಎ.ಎನ್. ಉಪಾಧ್ಯೆ ಹುಟ್ಟಿದ್ದು 1906ರಲ್ಲಿ, ಇದೇ ಸದಲಗಾದಲ್ಲಿ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತ, ಹಳೆಯ ಪ್ರಾಕೃತ ಗ್ರಂಥಗಳ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ, ಯಾವ ಪದ್ಯ ಮೂಲದ್ದು, ಯಾವುದು ನಡುವೆ ಬಂದು ಸೇರಿದ್ದು ಎಂದು ಅವರು ಬೇರ್ಪಡಿಸಿದ ರೀತಿಯೇ ಒಂದು ಪತ್ತೇದಾರಿ. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು. ಈ ಸೀಮೆಯ ಹುಡುಗರಿಗೆ ಅವರ ಹೆಸರು ಇನ್ನೂ ಹೆಚ್ಚು ಗೊತ್ತಿರಬೇಕಿತ್ತು.

ಆದರೂ ಕಾದಂಬರಿಗೆ ಪ್ರಸಿದ್ಧನೇ ಬೇಕೆಂದರೆ, ಕಲ್ಯಾಣಕ್ಕೆ ಸೇರಿದವನೇ ಆದ ಒಬ್ಬನಿದ್ದಾನೆ: ವಿಜ್ಞಾನೇಶ್ವರ. ಕಲಬುರ್ಗಿ ಜಿಲ್ಲೆಯ ಮರತೂರಿನ ನಂಟಿನವನೆಂದು ಜನ ನೆನೆಯುವ ಈ ಪಂಡಿತ, ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಅದರ ದಾಯವಿಭಾಗದ ಪ್ರಕರಣವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ. ಅಂದಿನಿಂದ ಅವನ ಹೆಸರು ಕೋರ್ಟಿನ ಹೆಸರಾಯಿತು. ಕೂಡು ಕುಟುಂಬದ ಆಸ್ತಿಯ ವಾಟ್ನಿ ಎಂದರೆ ಮಿತಾಕ್ಷರ ಎಂಬಷ್ಟು. ಇದರಿಂದ ಅವನ ಗ್ರಂಥದ ಉಳಿದ ಭಾಗ ಮರೆಗೆ ಸರಿಯಿತು. ಅದರಲ್ಲೇ ನಮಗೆ ಬೇಕಾದ ಜಾಗವಿದೆ.

ಯಾರು ಕೊಂದರೆಂದು ತಿಳಿಯದ ಹೆಣ ಸಿಕ್ಕಾಗ ಏನು ಮಾಡಬೇಕೆಂದು ಯಾಜ್ಞವಲ್ಕ್ಯ ಎರಡು ಶ್ಲೋಕಗಳಲ್ಲಿ ಹೇಳುತ್ತಾನೆ. ವಿಜ್ಞಾನೇಶ್ವರ ಅದನ್ನು ಬಿಡಿಸುತ್ತಾನೆ. ತಡಮಾಡಬೇಡ. ಸತ್ತವನಿಗೆ ಯಾರ ಜೊತೆ ಜಗಳವಿತ್ತೆಂದು ಮೊದಲು ಮಕ್ಕಳನ್ನು, ಬಂಧುಗಳನ್ನು ಕೇಳು. ಅವನಿಗೆ ಸಂಬಂಧಪಟ್ಟ ಹೆಂಗಸರನ್ನು ಬೇರೆ ಬೇರೆಯಾಗಿ ಕೇಳು. ಅವನು ಹೆಣ್ಣಿನ ಆಸೆಗೆ ಹೊರಟಿದ್ದನೇ, ಹಣದ ಆಸೆಗೆ ಹೊರಟಿದ್ದನೇ, ಹೊಟ್ಟೆಪಾಡಿಗೆ ಹೊರಟಿದ್ದನೇ? ಯಾರ ಜೊತೆ ಹೋದ? ಸತ್ತ ಜಾಗದ ಸಮೀಪದ ಜನರನ್ನು ಮೆಲ್ಲಗೆ, ಹೆದರಿಸದೆ ವಿಚಾರಿಸು. ಎಲ್ಲ ತನಿಖೆಗಳ ಬುಡ ಇದರಲ್ಲಿದೆ. ಬಿಜ್ಜಳ ಸಾಯುವುದಕ್ಕೆ ದಶಕಗಳ ಮೊದಲೇ, ಅದೇ ಕಲ್ಯಾಣದ ನೆರಳಿನಲ್ಲಿ ಕೂತು ಒಬ್ಬ ಚಿಂತಕ ಈ ಸಾಲುಗಳನ್ನು ವಿವರಿಸಿದ್ದ.

ಪ್ರಮಾಣಗಳ ವಿಷಯದಲ್ಲೂ ಅವನದು ಗಟ್ಟಿ ನೆಲೆ. ಬರಹ, ಅನುಭೋಗ, ಸಾಕ್ಷಿ ಮೂರು ಮೊದಲು. ಯಾವುದೂ ಸಿಗದಿದ್ದಾಗ ಮಾತ್ರ ಬೆಂಕಿ, ನೀರು, ವಿಷಗಳ ದಿವ್ಯಪರೀಕ್ಷೆ. ಇಂದಿಗೂ ಕಾಗವಾಡದ ಕಡೆ ಬಾಂದಿನ ತಕರಾರು ಬಂದರೆ ಉತಾರ ಯಾರ ಹೆಸರಿನಲ್ಲಿದೆ, ಕಬಜಾ ಯಾರದು, ಹೇಳುವವರು ಯಾರಿದ್ದಾರೆ ಎಂದೇ ಕೇಳುತ್ತಾರೆ. ಅರಿಸ್ಟಾಟಲ್ ತನ್ನ ವಾಗ್ಮಿತೆಯ ಗ್ರಂಥದಲ್ಲಿ ಕಾನೂನು, ಸಾಕ್ಷಿ, ಕರಾರು, ಚಿತ್ರಹಿಂಸೆಯಿಂದ ಹೊರಟ ಹೇಳಿಕೆ, ಆಣೆ ಎಂದು ಐದು ಪ್ರಮಾಣಗಳನ್ನು ಎಣಿಸಿದ್ದ. ಡೂಡಿಯ ಅಥೆನ್ಸಿಗೂ ಕಲ್ಯಾಣಕ್ಕೂ ಇರುವ ದೂರ ನಾವೆಣಿಸಿದಷ್ಟಿಲ್ಲ.

ವಿಷದ ಹಣ್ಣಿನ ಪ್ರಶ್ನೆ ಎದ್ದರೆ ವಿಜ್ಞಾನೇಶ್ವರನ ಪಕ್ಕದಲ್ಲಿ ಕೌಟಿಲ್ಯ ಬಂದು ಕೂರಬಹುದು. ಅರ್ಥಶಾಸ್ತ್ರದಲ್ಲಿ ಹಠಾತ್ತನೆ ಸತ್ತವರ ಪರೀಕ್ಷೆಗೆಂದೇ ಒಂದು ಅಧ್ಯಾಯವಿದೆ. ಹೆಣಕ್ಕೆ ಎಣ್ಣೆ ಬಳಿದು ನೋಡಬೇಕು; ಕೈಕಾಲು, ಹಲ್ಲು, ಉಗುರು ಕಪ್ಪಾಗಿ ಬಾಯಲ್ಲಿ ನೊರೆ ಬಂದಿದ್ದರೆ ವಿಷ; ಕೊರಳ ಮೇಲೆ ಗುರುತಿದ್ದು ಕಣ್ಣು ತೆರೆದಿದ್ದರೆ ಉಸಿರು ಕಟ್ಟಿಸಿದ್ದು. ಹ್ಯಾಗೆ ಸತ್ತನೆಂದು ತಿಳಿದ ಮೇಲೆ ಯಾರು ಕೊಂದರೆಂಬ ಮಾತು. ಈ ಗ್ರಂಥ ಶತಮಾನಗಳ ಕಾಲ ಕಣ್ಮರೆಯಾಗಿತ್ತು. 1905ರಲ್ಲಿ ಅದರ ತಾಳೆಗರಿ ಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳ ಕೈಸೇರಿತು, 1909ರಲ್ಲಿ ಅವರು ಅಚ್ಚು ಹಾಕಿಸಿದರು. ಲೋಕದ ಹಳೆಯ ತನಿಖಾ ಕೈಪಿಡಿಗಳಲ್ಲೊಂದು ಮತ್ತೆ ಬೆಳಕು ಕಂಡದ್ದು ಕನ್ನಡ ನಾಡಿನಲ್ಲಿ.

ಬಿಜ್ಜಳನ ಹೊತ್ತಿಗೆ ವಿಜ್ಞಾನೇಶ್ವರ ಬದುಕಿರಲಿಲ್ಲ. ಕಾದಂಬರಿಕಾರ ಅವನ ಶಿಷ್ಯನ ಶಿಷ್ಯನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಕೈಯಲ್ಲಿ ಮಿತಾಕ್ಷರದ ಗರಿಕಟ್ಟು, ತಲೆಯಲ್ಲಿ ಆ ಎರಡು ಶ್ಲೋಕ. ಜಗಳ ಯಾರ ಜೊತೆ ಎಂದು ಅವನು ಕೇಳಿದರೆ ಹರಳಯ್ಯ–ಮಧುವರಸರ ಮನೆಯ ಮದುವೆ ಎದುರಾಗುತ್ತದೆ. ಹಣವೇ ಎಂದು ಕೇಳಿದರೆ ಭಂಡಾರಿ ಬಸವಣ್ಣನ ಲೆಕ್ಕದ ಮೇಲಿನ ಚಾಡಿ. ಯಾರ ಜೊತೆ ಹೋದ ಎಂದರೆ ಕೊಲ್ಲಾಪುರದ ದಂಡು. ಸತ್ತ ಜಾಗದ ಜನ ಎಂದರೆ ಕಲ್ಯಾಣದ ಅರಮನೆಯವರೂ ಹೌದು, ಭೀಮೆಯ ಅಂಬಿಗರೂ ಹೌದು. ಜಗದೇವನ ತಾಯಿಯನ್ನು ಬೇರೆಯಾಗಿ ಕೂರಿಸಿ ಕೇಳುವ ಅಧ್ಯಾಯ ಈ ಪುಸ್ತಕದ ಹೃದಯವಾದೀತು.

ಕನ್ನಡದ ನಾಟಕಕಾರರು ಈ ಕೊಲೆಯನ್ನು ಬಿಟ್ಟಿಲ್ಲ: ಲಂಕೇಶರ ‘ಸಂಕ್ರಾಂತಿ’ 1971ರಲ್ಲಿ, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ 1986ರಲ್ಲಿ, ಗಿರೀಶ ಕಾರ್ನಾಡರ ‘ತಲೆದಂಡ’ 1990ರಲ್ಲಿ ಬಂದವು. ಅವು ಕಲ್ಯಾಣ ಯಾಕೆ ಕುಸಿಯಿತೆಂದು ಕೇಳಿದವು, ಸರಿಯಾದ ಪ್ರಶ್ನೆ. ಪತ್ತೇದಾರಿ ಕಾದಂಬರಿ ಕೇಳಬೇಕಾದದ್ದು ಇನ್ನಷ್ಟು ಚಿಕ್ಕದು, ಹಟದ್ದು: ಆ ದಿನ ಯಾರು ಎಲ್ಲಿದ್ದರು? ವಿಜ್ಞಾನೇಶ್ವರನ ಪಾಠದಂತೆ ಹೋದರೆ ಮೊದಲು ಕೇಳಬೇಕಾದವರು ಮಕ್ಕಳು, ಮಕ್ಕಳಲ್ಲಿ ಮೊದಲು ಪಟ್ಟ ದಕ್ಕಿದ ಮಗ. ಎರಡೂ ಪರಂಪರೆಗಳು ಒಂದರ ಮೇಲೊಂದು ಬೆರಳು ತೋರಿಸುವ ಗದ್ದಲದಲ್ಲಿ ಸೋವಿದೇವ ಎಂಟು ಶತಮಾನ ಬಚಾವಾಗಿದ್ದಾನೆ. ಕಾರ್ನಾಡರು ಅವನನ್ನು ರಂಗದ ಮೇಲೆ ತಂದು ನಿಲ್ಲಿಸಿದರು. ಅವನ ಹೇಳಿಕೆಯನ್ನು ಪೂರ್ತಿ ಬರೆದುಕೊಳ್ಳುವ ಕೆಲಸ ಕಾದಂಬರಿಕಾರನದು. ಆ ಕಾದಂಬರಿಕಾರ ಗಡಿಯ ಈ ಊರುಗಳವನೇ ಆದರೆ ಒಳ್ಳೆಯದು. ಕೊಲ್ಲಾಪುರದ ಕಾಗದಪತ್ರಗಳ ಮರಾಠಿಯೂ ಅವನಿಗೆ ಬರುತ್ತದೆ, ಕಲ್ಯಾಣದ ಕನ್ನಡವೂ ಬರುತ್ತದೆ, ಬಸದಿಯವರೂ ಮಠದವರೂ ಅವನನ್ನು ಒಳಗೆ ಕರೆದು ಕೂರಿಸಿ ಮಾತಾಡುತ್ತಾರೆ.